ವಿದೇಶದಲ್ಲಿ ಇಂಗ್ಲಿಷ್ ಕಲಿಸುವ ಕೆಲಸ: ಕೆಟ್ಟ ಶಾಲೆಯನ್ನು ಸಹಿಗೆ ಮುಂಚೆಯೇ ಗುರುತಿಸುವುದು ಹೇಗೆ

ಕಳೆದ ಫೆಬ್ರವರಿಯಲ್ಲಿ ಬ್ಯಾಡಗಿ ಕಡೆಯ ಒಬ್ಬ ಹುಡುಗ ತಂದೆಯ ಜೊತೆ ಧಾರವಾಡದ ನಮ್ಮ ಮನೆಗೆ ಬಂದ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಎಂ.ಎ., ಅದರ ಮೇಲೆ ಬಿ.ಎಡ್. ಕೈಯಲ್ಲಿ ಥಾಯ್ಲೆಂಡಿನ ಒಂದು ಶಾಲೆಯ ಆಫರ್ ಲೆಟರ್.

"ಅಕ್ಕೋರ, ನಾಳೆ ಸಂಜಿ ಒಳಗ ಒಂದು ಲಕ್ಷ ಎಂಬತ್ತು ಸಾವಿರ ಹಾಕಬೇಕಂತ್ರಿ. ಇಲ್ಲಂದ್ರ ಸೀಟು ಬ್ಯಾರೇದವ್ರಿಗೆ ಹೋಗತೈತಂತ" ಅಂದ. ತಂದೆ ಮೆಣಸಿನಕಾಯಿ ಮಾರಿದ ದುಡ್ಡನ್ನು ಖಾತೆಯಲ್ಲಿ ಇಟ್ಟುಕೊಂಡೇ ಬಂದಿದ್ದರು.

ನಾನು ಆ ಕಾಗದವನ್ನು ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. ಶಾಲೆಯ ಹೆಸರು ಮೇಲೆ ಒಂದು ಥರ ಇತ್ತು, ಸಹಿಯ ಕೆಳಗೆ ಇನ್ನೊಂದು ಥರ. ಇಮೇಲ್ ವಿಳಾಸ ಜಿಮೇಲ್‌ನದ್ದು. ಥಾಯ್ಲೆಂಡಿನ ಫೋನ್ ನಂಬರು +66 ಅಂತ ಶುರುವಾಗಬೇಕು, ಇದರಲ್ಲಿ +971 ಇತ್ತು, ಅಂದರೆ ದುಬೈ ಕಡೆಯದ್ದು. ವಾರಕ್ಕೆ ಎಷ್ಟು ಪಿರಿಯಡ್, ಎಷ್ಟನೇ ಕ್ಲಾಸು, ಯಾವ ವೀಸಾ, ಒಂದೂ ಇಲ್ಲ. ಪಗಾರ ಮಾತ್ರ ದಪ್ಪ ಅಕ್ಷರದಲ್ಲಿತ್ತು.

"ಇಂಟರ್‌ವ್ಯೂ ಹೆಂಗ ಆತು?"

"ವಾಟ್ಸಾಪ್‌ನ್ಯಾಗ ಚಾಟ್ ಮಾಡಿದ್ರಿ. ಹತ್ತು ನಿಮಿಷ."

"ನೀ ಏನೇನು ಕೇಳಿದಿ ಅವರನ್ನ?"

"ನಾ ಏನ್ ಕೇಳೂದ್ರೀ ಅಕ್ಕೋರ? ಕೆಲಸಾ ಕೊಡಾವ್ರು ಅವ್ರು."

ಈ ಮಾತು ನನಗೆ ಚೆನ್ನಾಗಿ ಗೊತ್ತು. ಬಹಳ ವರ್ಷಗಳ ಹಿಂದೆ ನಾನೂ ಏನೂ ಕೇಳದೆ ಕೊಲ್ಲಿಯ ಒಂದು ಊರಿಗೆ ಹೋದವಳು. ವಾರಕ್ಕೆ 24 ಪಿರಿಯಡ್ ಅಂದಿದ್ದು ಹೋದ ಮೇಲೆ 34 ಆಯಿತು. ಮೂರನೇ ದಿನ ಆಫೀಸಿಗೆ ಕರೆದು ಹೊಸ ಕರಾರು ಮುಂದಿಟ್ಟರು. ಪಗಾರ ಹುಬ್ಬಳ್ಳಿಯಲ್ಲಿ ಹೇಳಿದ್ದಕ್ಕಿಂತ ಕಡಿಮೆ. ಅಷ್ಟರೊಳಗೆ ನನ್ನ ಪಾಸ್‌ಪೋರ್ಟ್ ಅವರ ಕಪಾಟಿನಲ್ಲಿತ್ತು. ಸಹಿ ಹಾಕಿದೆ. ಎರಡು ವರ್ಷ ಅಲ್ಲೇ ಕಳೆದೆ. ಆಮೇಲೆ ಬೇರೆ ಶಾಲೆ ಸಿಕ್ಕಿತು, ಅದು ಒಳ್ಳೆಯದು, ಅಲ್ಲಿ ಎಂಟು ವರ್ಷ ನೆಮ್ಮದಿಯಿಂದ ಕಲಿಸಿದೆ. ಎರಡನ್ನೂ ಕಂಡಿದ್ದರಿಂದ ಒಂದು ವಿಷಯ ಖಚಿತವಾಗಿ ಹೇಳಬಲ್ಲೆ. ಕೆಟ್ಟ ಶಾಲೆ ನೀವು ಹೋದ ಮೇಲೆ ಕೆಡುವುದಿಲ್ಲ. ಮೊದಲೇ ಹಾಗಿರುತ್ತದೆ. ನೀವು ಪ್ರಶ್ನೆ ಕೇಳಿದಾಗ ಅದು ಉತ್ತರ ಕೊಡುವ ರೀತಿಯಲ್ಲೇ ಗೊತ್ತಾಗುತ್ತದೆ. ಆದರೆ ಕೇಳಬೇಕು. ಕೆಲಸ ಕೊಡುವವರನ್ನು ಕೇಳಿದರೆ ಎಲ್ಲಿ ಬೇಜಾರಾಗ್ತಾರೋ ಅನ್ನುವ ನಮ್ಮ ಕಡೆಯ ಸಂಕೋಚವೇ ಇಂಥವರಿಗೆ ಬಂಡವಾಳ.

ಏನು, ಯಾವಾಗ, ಯಾರನ್ನು ಕೇಳಬೇಕು ಅಂತ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತೇನೆ.

ಹೆಜ್ಜೆ 1: ಆ ದೇಶದ ಕಾನೂನು ನಿಮ್ಮನ್ನು ಒಪ್ಪುತ್ತದೆಯೇ?

ಶಾಲೆ ಒಳ್ಳೆಯದೋ ಕೆಟ್ಟದ್ದೋ ಅನ್ನೋದು ಆಮೇಲಿನ ಮಾತು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಆ ದೇಶದಲ್ಲಿ ಇಂಗ್ಲಿಷ್ ಕಲಿಸಲು ವೀಸಾ ಸಿಗುತ್ತದೆಯೇ ಅಂತ ಮೊದಲು ನೋಡಿ. ಇಲ್ಲಿಯೇ ಅರ್ಧ ಮೋಸ ಬಯಲಾಗುತ್ತದೆ.

ದಕ್ಷಿಣ ಕೊರಿಯಾವನ್ನೇ ತೆಗೆದುಕೊಳ್ಳಿ. ಅಲ್ಲಿ ಭಾಷೆ ಕಲಿಸುವವರಿಗೆ ಇ-2 ಅನ್ನುವ ವೀಸಾ ಇದೆ. ಇಂಗ್ಲಿಷಿಗೆ ಅದನ್ನು ಮುಖ್ಯವಾಗಿ ಏಳು ದೇಶದವರಿಗೆ ಕೊಡುತ್ತಾರೆ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಭಾರತದ ಜೊತೆ 2010ರಿಂದ ಜಾರಿಯಲ್ಲಿರುವ ವ್ಯಾಪಾರ ಒಪ್ಪಂದದಲ್ಲಿ ನಮ್ಮವರಿಗೆ ಸಹಾಯಕ ಶಿಕ್ಷಕರಾಗಿ ಹೋಗಲು ಒಂದು ಸಣ್ಣ ದಾರಿ ಇದೆ, ಅದಕ್ಕೆ ಶಿಕ್ಷಕ ತರಬೇತಿಯ ಅರ್ಹತೆ ಬೇಕು. ಹಾಗಾಗಿ "ಸಿಯೋಲ್‌ನ ಕೋಚಿಂಗ್ ಸೆಂಟರ್, ಬಿ.ಎ. ಆದ್ರೆ ಸಾಕು, ಮುಂದಿನ ತಿಂಗಳೇ ಹೊರಡಿ" ಅಂತ ಯಾರಾದರೂ ಹೇಳಿದರೆ ಅಲ್ಲಿಗೇ ಬಿಟ್ಟುಬಿಡಿ. ಚೀನಾದಲ್ಲೂ ಇಂಗ್ಲಿಷ್ ಭಾಷೆ ಕಲಿಸುವ ಕೆಲಸಕ್ಕೆ ಹೆಚ್ಚು ಕಡಿಮೆ ಇದೇ ನಿಯಮ. ಅಲ್ಲಿ ಕೆಲಸಕ್ಕೆ ಝಡ್ ವೀಸಾ ಬೇಕು. ವ್ಯಾಪಾರದ ವೀಸಾದಲ್ಲೋ ವಿದ್ಯಾರ್ಥಿ ವೀಸಾದಲ್ಲೋ ಬನ್ನಿ, ಆಮೇಲೆ ಸರಿಮಾಡೋಣ ಅನ್ನುವವರ ಮಾತು ಕೇಳಿ ಹೋದರೆ ಪೊಲೀಸರು ಹಿಡಿಯುವುದು ನಿಮ್ಮನ್ನು.

ಥಾಯ್ಲೆಂಡಿನಲ್ಲಿ ನಮ್ಮವರು ಕಾನೂನುಬದ್ಧವಾಗಿ ಕಲಿಸಬಹುದು. ಆದರೆ ನಾನ್-ಇಮಿಗ್ರಂಟ್ ಬಿ ವೀಸಾ, ಅದರ ಮೇಲೆ ವರ್ಕ್ ಪರ್ಮಿಟ್, ಶಾಲೆಯಾದರೆ ಅಲ್ಲಿನ ಶಿಕ್ಷಕರ ಮಂಡಳಿಯ ಲೈಸೆನ್ಸು ಅಥವಾ ತಾತ್ಕಾಲಿಕ ಅನುಮತಿ, ಇಷ್ಟೂ ಬೇಕು. ಇಂಗ್ಲಿಷ್ ಮನೆಮಾತಲ್ಲದವರಿಂದ ಟೋಯಿಕ್ ಅಥವಾ ಐಇಎಲ್‌ಟಿಎಸ್‌ನಂಥ ಪರೀಕ್ಷೆಯ ಅಂಕವನ್ನೂ ಕೇಳುತ್ತಾರೆ. ವಿಯೆಟ್ನಾಂಗೆ ಪದವಿ, ಕಲಿಸುವ ತರಬೇತಿಯ ಸರ್ಟಿಫಿಕೇಟು, ವರ್ಕ್ ಪರ್ಮಿಟ್ ಬೇಕು. ಯುಎಇ, ಒಮಾನ್, ಕುವೈತ್‌ಗಳಲ್ಲಿ ಭಾರತೀಯ ಪಠ್ಯಕ್ರಮದ ಶಾಲೆಗಳು ಸಾಕಷ್ಟಿವೆ. ಮಾಲ್ಡೀವ್ಸ್‌ನ ದ್ವೀಪಗಳಲ್ಲೂ ಭಾರತದ ಶಿಕ್ಷಕರು ಹಿಂದಿನಿಂದಲೂ ಇದ್ದಾರೆ. ಬಿ.ಎಡ್. ಆದವರಿಗೆ ನಾನು ಮೊದಲು ಹೇಳುವುದು ಈ ಕಡೆಯನ್ನೇ. ಅಲ್ಲಿ ನಿಮ್ಮ ಓದಿಗೆ ಬೆಲೆ ಇದೆ, ಪಾಸ್‌ಪೋರ್ಟಿನ ಬಣ್ಣ ಅಡ್ಡ ಬರುವುದಿಲ್ಲ.

ಯಾವ ದೇಶವಾದರೂ ಒಂದು ಮಾತು ಬದಲಾಗಬಾರದು. ಟೂರಿಸ್ಟ್ ಅಥವಾ ವಿಸಿಟ್ ವೀಸಾದಲ್ಲಿ ಕೆಲಸಕ್ಕೆ ಹೋಗಬೇಡಿ. ಥಾಯ್ಲೆಂಡಿಗೆ ಪ್ರವಾಸಿಯಾಗಿ ಹೋಗುವುದು ಸುಲಭ, ಅದಕ್ಕೇ ಮೋಸಗಾರರಿಗೆ ಆ ದೇಶ ಇಷ್ಟ. ಒಳ್ಳೆ ಕೆಲಸ ಅಂತ ಬ್ಯಾಂಕಾಕಿಗೆ ಕರೆಸಿಕೊಂಡು, ಅಲ್ಲಿಂದ ಗಡಿ ದಾಟಿಸಿ ಮ್ಯಾನ್ಮಾರಿನ ಮ್ಯಾವಡಿ ಕಡೆಯ ಸೈಬರ್ ವಂಚನೆ ಅಡ್ಡೆಗಳಿಗೆ ನಮ್ಮ ಹುಡುಗರನ್ನು ಸಾಗಿಸಿದ್ದಾರೆ. ವಿದೇಶಾಂಗ ಸಚಿವಾಲಯ 2022ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನ ಕಳಿಸಿ ಐನೂರಕ್ಕೂ ಹೆಚ್ಚು ಭಾರತೀಯರನ್ನು ವಾಪಸ್ ಕರೆತರಬೇಕಾಯಿತು. ಬ್ಯಾಡಗಿ ಹುಡುಗನ ಕಾಗದ ನೋಡಿದಾಗ ನನ್ನ ಮನಸ್ಸಿಗೆ ಬಂದಿದ್ದು ಇದೇ.

ಹೆಜ್ಜೆ 2: ಮಧ್ಯದಲ್ಲಿರುವವರು ಯಾರು?

1983ರ ವಲಸೆ ಕಾಯ್ದೆ ಪ್ರಕಾರ ವಿದೇಶದ ಕೆಲಸಕ್ಕೆ ಜನರನ್ನು ಆಯ್ದು ಕಳಿಸುವ ಏಜೆಂಟ್ ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಮಾಡಿಸಿರಲೇಬೇಕು. ಇ-ಮೈಗ್ರೇಟ್ ಅನ್ನುವ ಸರ್ಕಾರಿ ಜಾಲತಾಣದಲ್ಲಿ ನೋಂದಾಯಿತ ಏಜೆಂಟರ ಪಟ್ಟಿ ಇದೆ. ದೂರು ಬಂದಿರುವ, ನೋಂದಣಿ ಇಲ್ಲದ ಏಜೆಂಟರ ಪಟ್ಟಿಯೂ ಇದೆ. ಎರಡನ್ನೂ ನೋಡಿ. ಹೆಸರು ಸಿಕ್ಕಿತು ಅಂತ ಖುಷಿಯಾಗಿ ಬಿಡಬೇಡಿ. ವಿಳಾಸ, ಫೋನ್ ನಂಬರು, ಲೈಸೆನ್ಸ್ ಅವಧಿ ಎಲ್ಲಾ ತಾಳೆಯಾಗಬೇಕು. ದೊಡ್ಡ ಕಂಪನಿಯ ಹೆಸರು, ಲೈಸೆನ್ಸ್ ನಂಬರು ಕದ್ದು ತಮ್ಮ ಮೊಬೈಲ್ ನಂಬರು ಹಾಕುವವರು ಇದ್ದಾರೆ. ಜಾಲತಾಣದಲ್ಲಿರುವ ನಂಬರಿಗೇ ಫೋನ್ ಮಾಡಿ, "ಇಂಥವರು ನಿಮ್ಮವರೇನ್ರಿ?" ಅಂತ ಕೇಳಿ. ಎರಡು ನಿಮಿಷದ ಕೆಲಸ.

ನಮ್ಮ ಊರುಗಳಲ್ಲಿ ಸಮಸ್ಯೆ ಬರುವುದು ಇನ್ನೂ ಕೆಳಗೆ. ಸಪ್ತಾಪುರದ ಯಾವುದೋ ಕ್ಲಾಸಿನ ಸರ್‌ಗೆ ಪರಿಚಯದವರು, ಗದಗಿನ ದೂರದ ಸಂಬಂಧಿ, ಜೆರಾಕ್ಸ್ ಅಂಗಡಿಯಲ್ಲಿ ಕಾರ್ಡ್ ಇಟ್ಟು ಹೋದವರು. ಇವರೆಲ್ಲ ಸಬ್-ಏಜೆಂಟರು. ಕಾನೂನಿನಲ್ಲಿ ಇವರಿಗೆ ಜಾಗವೇ ಇಲ್ಲ. ಪರಿಚಯದವರು ಅಂದ ಕೂಡಲೇ ನಾವು ರಸೀದಿ ಕೇಳುವುದಿಲ್ಲ, ಅಲ್ವಾ? ಕೇಳಿ. ನೋಂದಾಯಿತ ಏಜೆಂಟ್ ನಿಮ್ಮಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ. ಒಟ್ಟು 35,400. ಅದಕ್ಕೆ ರಸೀದಿ ಕೊಡಬೇಕು. ಯುಎಇಯಂಥ ದೇಶದಲ್ಲಂತೂ ನೇಮಕಾತಿಯ ಖರ್ಚನ್ನು ನೌಕರನಿಂದ ವಸೂಲಿ ಮಾಡಬಾರದು ಅಂತ ಕಾನೂನೇ ಇದೆ. ಲಕ್ಷಗಟ್ಟಲೆ ಕೇಳಿದರು ಅಂದರೆ ಅದನ್ನು ಡಿಪಾಸಿಟ್ ಅನ್ನಲಿ, ಬ್ಯಾಂಕ್ ಗ್ಯಾರಂಟಿ ಅನ್ನಲಿ, ಕೊಡಬೇಡಿ.

ಶಿಕ್ಷಕರಿಗೆ ಇಲ್ಲಿ ಇನ್ನೊಂದು ತೊಡಕಿದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಹತ್ತನೇ ತರಗತಿ ಪಾಸಾಗದವರು 18 ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಸರ್ಕಾರ ಅವರ ಕರಾರನ್ನು ನೋಡಿ ಅನುಮತಿ ಕೊಡುತ್ತದೆ. ನೀವು ಪದವೀಧರರು. ನಿಮಗೆ ಆ ತಪಾಸಣೆ ಕಡ್ಡಾಯವಲ್ಲ, ವಿಮಾನ ನಿಲ್ದಾಣದಲ್ಲಿ ಯಾರೂ ಕರಾರು ತೋರಿಸಿ ಅನ್ನುವುದಿಲ್ಲ. ಸೌಲಭ್ಯದ ಹಾಗೆ ಕಾಣುತ್ತದೆ. ನಿಜ ಏನೆಂದರೆ, ನಿಮ್ಮ ಕರಾರನ್ನು ನಿಮ್ಮನ್ನು ಬಿಟ್ಟರೆ ಇನ್ನೊಬ್ಬರು ಓದುವುದೇ ಇಲ್ಲ.

ಹೆಜ್ಜೆ 3: ಶಾಲೆ ನಿಜಕ್ಕೂ ಇದೆಯೇ, ಹೇಗಿದೆ?

ಸಿಬಿಎಸ್‌ಇ ಶಾಲೆ ಅಂದರೆ ಸಿಬಿಎಸ್‌ಇ ಜಾಲತಾಣದಲ್ಲಿ ವಿದೇಶಿ ಶಾಲೆಗಳ ಪಟ್ಟಿಯಲ್ಲಿ ಸಂಯೋಜನೆ ಸಂಖ್ಯೆ ಸಮೇತ ಸಿಗಬೇಕು. ದುಬೈನ ಖಾಸಗಿ ಶಾಲೆಯಾದರೆ ಕೆಎಚ್‌ಡಿಎ ಅನ್ನುವ ಸರ್ಕಾರಿ ಸಂಸ್ಥೆ ನಡೆಸಿದ ತಪಾಸಣೆಯ ವರದಿಗಳು ಯಾರು ಬೇಕಾದರೂ ಓದುವ ಹಾಗೆ ಇವೆ. ಶಾಲೆಯ ಸ್ವಂತ ಜಾಲತಾಣದಲ್ಲಿರುವ ನಂಬರಿಗೆ ಫೋನ್ ಮಾಡಿ, ನಿಮಗೆ ಪತ್ರ ಕಳಿಸಿದವರು ಅಲ್ಲಿದ್ದಾರೆಯೇ ಅಂತ ಕೇಳಿ.

ಆಮೇಲೆ ಅಲ್ಲಿ ಕಲಿಸುತ್ತಿರುವ ಒಬ್ಬರನ್ನು, ಕಲಿಸಿ ಬಿಟ್ಟುಬಂದ ಒಬ್ಬರನ್ನು ಹುಡುಕಿ. ಲಿಂಕ್ಡ್‌ಇನ್‌ನಲ್ಲಿ ಶಾಲೆಯ ಹೆಸರು ಹಾಕಿದರೆ ಸಿಗುತ್ತಾರೆ. ಕೊಲ್ಲಿ ದೇಶಗಳಲ್ಲಿ ಕನ್ನಡ ಸಂಘಗಳಿವೆ, ಅಲ್ಲಿ ವಿಚಾರಿಸಿ, ಧಾರವಾಡದವರು ಅಂದರೆ ಪ್ರೀತಿಯಿಂದಲೇ ಮಾತಾಡುತ್ತಾರೆ. "ಶಾಲೆ ಹೇಗಿದೆ?" ಅಂತ ಮಾತ್ರ ಕೇಳಬೇಡಿ. ಎಲ್ಲರೂ "ಪರವಾಗಿಲ್ಲ" ಅಂತಾರೆ. ಹೀಗೆ ಕೇಳಿ: ಕಳೆದ ಮೂರು ತಿಂಗಳು ಪಗಾರ ಯಾವ ತಾರೀಕಿಗೆ ಬಂತು? ಪಾಸ್‌ಪೋರ್ಟ್ ನಿಮ್ಮ ಹತ್ತಿರ ಇದೆಯಾ? ಈ ವರ್ಷ ಎಷ್ಟು ಜನ ಶಿಕ್ಷಕರು ಬಿಟ್ಟುಹೋದರು? ರಜೆಯಲ್ಲಿ ಪಗಾರ ಕೊಟ್ಟರಾ? ನನ್ನ ಜಾಗದಲ್ಲಿ ಮೊದಲು ಇದ್ದವರು ಯಾಕೆ ಬಿಟ್ಟರು? ತಾರೀಕು ಕೇಳಿದಾಗ ಎದುರಿನವರು ಒಂದು ಕ್ಷಣ ಸುಮ್ನೆ ಆದರೆ ಅದನ್ನೂ ಉತ್ತರ ಅಂತಲೇ ತಿಳಿಯಿರಿ.

ಹೆಜ್ಜೆ 4: ಇಂಟರ್‌ವ್ಯೂನಲ್ಲಿ ನೀವೂ ಅವರನ್ನು ನೋಡಿ

ಒಳ್ಳೆಯ ಶಾಲೆ ನಿಮ್ಮ ಪಾಠ ನೋಡದೆ ತೆಗೆದುಕೊಳ್ಳುವುದಿಲ್ಲ. ವಿಡಿಯೋದಲ್ಲಿ ಹತ್ತು ಹದಿನೈದು ನಿಮಿಷದ ಡೆಮೊ ಪಾಠ ಮಾಡಿಸುತ್ತದೆ. ನೀವು ಮೊದಲು ಕೆಲಸ ಮಾಡಿದ ಶಾಲೆಯ ಮುಖ್ಯಸ್ಥರನ್ನು ಸಂಪರ್ಕಿಸುತ್ತದೆ. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಕೇಳುತ್ತದೆ. ಮಕ್ಕಳ ಮಧ್ಯೆ ಬಿಡುವ ವ್ಯಕ್ತಿಯ ಬಗ್ಗೆ ಏನೂ ವಿಚಾರಿಸದ ಶಾಲೆ ಮಕ್ಕಳ ಬಗ್ಗೆಯೂ ಯೋಚಿಸುವುದಿಲ್ಲ, ನಿಮ್ಮ ಬಗ್ಗೆಯೂ ಯೋಚಿಸುವುದಿಲ್ಲ.

ಕೊನೆಗೆ "ಎನಿ ಕ್ವೆಶ್ಚನ್ಸ್?" ಅಂತ ಕೇಳುತ್ತಾರೆ. ಅಲ್ಲಿ "ನೋ ಸರ್, ಥ್ಯಾಂಕ್ಯೂ" ಅಂತ ಹೇಳಬೇಡಿ. ವಾರಕ್ಕೆ ಎಷ್ಟು ಪಿರಿಯಡ್, ಬದಲಿ ಕ್ಲಾಸ್ ಎಷ್ಟು ಬರುತ್ತವೆ, ಶನಿವಾರ ಕೆಲಸ ಇದೆಯೇ, ಬಸ್ ಡ್ಯೂಟಿ ಇದೆಯೇ, ಒಂದು ಕ್ಲಾಸಿನಲ್ಲಿ ಎಷ್ಟು ಮಕ್ಕಳು, ಇರಲು ಕೊಡುವ ಮನೆಯಲ್ಲಿ ಎಷ್ಟು ಜನ ಅಂತ ಕೇಳಿ. ಅವತ್ತೇ ಸಂಜೆ ಅವರು ಹೇಳಿದ್ದನ್ನೆಲ್ಲ ಇಮೇಲ್‌ನಲ್ಲಿ ಬರೆದು, "ನಾನು ಹೀಗೆ ತಿಳಿದುಕೊಂಡಿದ್ದೇನೆ, ದಯವಿಟ್ಟು ಖಚಿತಪಡಿಸಿ" ಅಂತ ಕಳಿಸಿ. ಒಳ್ಳೆಯ ಶಾಲೆ ಎರಡು ಸಾಲಿನ ಉತ್ತರ ಕೊಡುತ್ತದೆ. ಕೆಟ್ಟದ್ದು "ಫೋನಲ್ಲಿ ಮಾತಾಡೋಣ" ಅನ್ನುತ್ತದೆ.

ಹೆಜ್ಜೆ 5: ಕರಾರು ಓದುವುದು

ಇದಕ್ಕೆ ಒಂದು ಇಡೀ ಸಂಜೆ ಕೊಡಿ. ಪ್ರಿಂಟ್ ತೆಗೆಸಿ, ಕೆಂಪು ಪೆನ್ನು ಹಿಡಿದು ಕೂತುಕೊಳ್ಳಿ.

ಮೊದಲು ಬೇಸಿಕ್, ಅಂದರೆ ಮೂಲ ಪಗಾರ. ಯುಎಇ ಉದಾಹರಣೆಯಲ್ಲೇ ಹೇಳುತ್ತೇನೆ. ಇಬ್ಬರಿಗೂ ತಿಂಗಳಿಗೆ 5,000 ದಿರ್ಹಮ್ ಅನ್ನಿ. ಒಬ್ಬರಿಗೆ ಬೇಸಿಕ್ 3,500, ಉಳಿದದ್ದು ಅಲೊವೆನ್ಸ್. ಇನ್ನೊಬ್ಬರಿಗೆ ಬೇಸಿಕ್ 1,500, ಉಳಿದದ್ದೆಲ್ಲ ಅಲೊವೆನ್ಸ್. ತಿಂಗಳ ಕೊನೆಗೆ ಕೈಗೆ ಬರುವುದು ಒಂದೇ. ಆದರೆ ಕೆಲಸ ಬಿಡುವಾಗ ಸಿಗುವ ಗ್ರಾಚುಯಿಟಿ ಬೇಸಿಕ್ ಮೇಲೆ ಮಾತ್ರ. ಒಂದು ವರ್ಷ ಪೂರೈಸಿದವರಿಗೆ ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ಬೇಸಿಕ್ ಪಗಾರ ಲೆಕ್ಕ. ಮೂರು ವರ್ಷಕ್ಕೆ ಮೊದಲನೆಯವರಿಗೆ 7,350 ದಿರ್ಹಮ್ ಬರುತ್ತದೆ, ಎರಡನೆಯವರಿಗೆ 3,150. ವ್ಯತ್ಯಾಸ 4,200 ದಿರ್ಹಮ್, ನಮ್ಮ ದುಡ್ಡಿನಲ್ಲಿ ಸುಮಾರು ಒಂದು ಲಕ್ಷ. ನನ್ನ ಮೊದಲ ಶಾಲೆಯಲ್ಲಿ ಈ ಸಾಲನ್ನು ನಾನು ಓದಿಯೇ ಇರಲಿಲ್ಲ.

ಎರಡನೆಯದು ಕೆಲಸದ ವಿವರ. "ಆಡಳಿತ ಹೇಳುವ ಇತರ ಕೆಲಸಗಳು" ಅನ್ನುವ ಸಾಲು ಎಲ್ಲಾ ಕರಾರಿನಲ್ಲೂ ಇರುತ್ತದೆ. ಅದು ಇರಲಿ. ಆದರೆ ಪಿರಿಯಡ್ ಸಂಖ್ಯೆಯನ್ನು ಎಲ್ಲಿಯೂ ಬರೆಯದೆ ಈ ಸಾಲು ಮಾತ್ರ ಇದ್ದರೆ ನನ್ನ 24 ಪಿರಿಯಡ್ 34 ಆದ ಹಾಗೆ ನಿಮ್ಮದೂ ಆಗುತ್ತದೆ. ಸಂಖ್ಯೆ ಬರೆಸಿ.

ಮೂರನೆಯದು ಬಿಡುವ ದಾರಿ. ಪ್ರೊಬೇಶನ್ ಎಷ್ಟು ತಿಂಗಳು? ಯುಎಇಯಲ್ಲಿ ಆರು ತಿಂಗಳಿಗಿಂತ ಜಾಸ್ತಿ ಇಡುವಂತಿಲ್ಲ. ನೋಟಿಸ್ ಎಷ್ಟು ದಿನ? ಅವರು ತೆಗೆದರೆ ಏನು ಕೊಡುತ್ತಾರೆ, ನೀವು ಬಿಟ್ಟರೆ ಏನು ಕಟ್ಟಬೇಕು? ಎರಡು ಪಾರ್ಶ್ವದ ತೂಕ ಒಂದೇ ಇದೆಯೇ ನೋಡಿ. ನೀವು ಬಿಟ್ಟರೆ ಮೂರು ತಿಂಗಳ ಪಗಾರ ದಂಡ, ಅವರು ತೆಗೆದರೆ ಮರುದಿನವೇ ಹೊರಗೆ ಅಂತಿದ್ದರೆ ಸಹಿ ಹಾಕಬೇಡಿ. ಇಲ್ಲೇ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುತ್ತೇವೆ, ಖಾಲಿ ಚೆಕ್ ಕೊಡಿ ಅನ್ನುವವರಿಗೂ ಅದೇ ಉತ್ತರ.

ರಜೆಯ ಪಗಾರ, ಆರೋಗ್ಯ ವಿಮೆ, ಹೋಗಿ ಬರುವ ಟಿಕೆಟ್ ಯಾರದ್ದು ಅನ್ನುವುದೂ ಬರಹದಲ್ಲಿರಲಿ.

ಭಾಷೆಯ ವಿಷಯ ಒಂದಿದೆ. ಕರಾರು ಎರಡು ಭಾಷೆಯಲ್ಲಿದ್ದರೆ, ತಕರಾರು ಬಂದಾಗ ಯುಎಇಯಲ್ಲಿ ಅರಬ್ಬಿ ಪ್ರತಿಯೇ ನಡೆಯುತ್ತದೆ. ಇಂಗ್ಲಿಷ್ ಕಾಲಮ್ ಓದಿ ಸಹಿ ಹಾಕಿದೆ ಅಂದರೆ ಆಗಲ್ಲ. ಹುಬ್ಬಳ್ಳಿಯಲ್ಲಿ ಅರಬ್ಬಿ ಓದಿ ಅರ್ಥ ಹೇಳುವವರು ಇದ್ದಾರೆ. ಅಂಕಿಗಳನ್ನಾದರೂ ಅವರ ಹತ್ತಿರ ತಾಳೆ ನೋಡಿಸಿ.

ಹೆಜ್ಜೆ 6: ಕಾಗದ ಪತ್ರ

ಪೊಲೀಸ್ ಕ್ಲಿಯರೆನ್ಸ್‌ಗೆ ಬೆಂಗಳೂರಿಗೆ ಓಡಬೇಕಿಲ್ಲ, ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲೇ ಅರ್ಜಿ ಹಾಕಬಹುದು. ಶುಲ್ಕ 500 ರೂಪಾಯಿ. ಪದವಿ ಪ್ರಮಾಣಪತ್ರಕ್ಕೆ ಮೊದಲು ರಾಜ್ಯ ಮಟ್ಟದ ದೃಢೀಕರಣ (ಅಟೆಸ್ಟೇಶನ್), ಆಮೇಲೆ ವಿದೇಶಾಂಗ ಸಚಿವಾಲಯದ್ದು. ಒಮಾನ್, ಸೌದಿ ಅರೇಬಿಯಾದಂಥ ದೇಶಗಳಿಗೆ ಅಪೋಸ್ಟಿಲ್, ಅಂದರೆ ಸಚಿವಾಲಯ ಹಾಕುವ ಅಂತಾರಾಷ್ಟ್ರೀಯ ದೃಢೀಕರಣದ ಮುದ್ರೆ ಸಾಕು. ಯುಎಇಗೆ ಅವರ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಇದಕ್ಕೆಲ್ಲ ವಾರಗಟ್ಟಲೆ ಹಿಡಿಯುತ್ತದೆ. ಹಾಗಾಗಿ ಹತ್ತು ದಿನದಲ್ಲಿ ಹೊರಡಿಸುತ್ತೇವೆ, ಅಟೆಸ್ಟೇಶನ್ ಬೇಕಿಲ್ಲ ಅನ್ನುವ ಶಾಲೆ ನಿಮಗೆ ಸರಿಯಾದ ವೀಸಾ ಮಾಡಿಸುವ ಯೋಚನೆಯಲ್ಲಿಲ್ಲ ಅಂತಲೇ ಅರ್ಥ.

ಹೆಜ್ಜೆ 7: ಇಳಿದ ಮೇಲೆ ಮೊದಲ ತಿಂಗಳು

ಪಾಸ್‌ಪೋರ್ಟನ್ನು ವೀಸಾ ಮುದ್ರೆಗೆ ಕೊಡಬೇಕಾಗಬಹುದು. ಕೊಡುವಾಗ ಯಾವ ದಿನ ವಾಪಸ್ ಅಂತ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಆ ದಿನ ಹೋಗಿ ಕೇಳಿ. ಪಾಸ್‌ಪೋರ್ಟ್ ಭಾರತ ಸರ್ಕಾರದ ಆಸ್ತಿ, ಹಾಗಂತ ಅದರಲ್ಲೇ ಅಚ್ಚಾಗಿದೆ. ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕುವ ಹಕ್ಕು ಯಾವ ಶಾಲೆಗೂ ಇಲ್ಲ. ಹೊಸ ಕರಾರು ಮುಂದಿಟ್ಟರೆ ಅಲ್ಲೇ ಸಹಿ ಹಾಕಬೇಡಿ. "ಓದಿ ನಾಳೆ ಕೊಡುತ್ತೇನೆ" ಅನ್ನಿ. ನಾನು ಅವತ್ತು ಅಷ್ಟು ಹೇಳಿದ್ದರೂ ಸಾಕಿತ್ತು. ಊರಿಗೆ ವಾಪಸ್ ಬರುವ ಟಿಕೆಟಿನಷ್ಟು ದುಡ್ಡನ್ನು ನಿಮ್ಮ ಹೆಸರಿನ ಖಾತೆಯಲ್ಲೇ ಇಟ್ಟಿರಿ. ಅದು ಇದ್ದಾಗ ಮಾತಾಡುವ ಧೈರ್ಯವೇ ಬೇರೆ.

ಹೆಜ್ಜೆ 8: ಕೆಟ್ಟು ಹೋದರೆ

ಸಿಟ್ಟಿನಲ್ಲಿ ಹೇಳದೆ ಕೇಳದೆ ಶಾಲೆ ಬಿಟ್ಟು ಓಡಬೇಡಿ. ಕೊಲ್ಲಿ ದೇಶಗಳಲ್ಲಿ ಮಾಲೀಕರು ತಲೆಮರೆಸಿಕೊಂಡ ದೂರು ಹಾಕಿದರೆ ತಪ್ಪು ನಿಮ್ಮ ಮೇಲೆ ಬರುತ್ತದೆ. ಮೊದಲು ಅಲ್ಲಿನ ಕಾರ್ಮಿಕ ಇಲಾಖೆಗೆ ದೂರು ಕೊಡಿ. ಭಾರತದ ರಾಯಭಾರ ಕಚೇರಿಗಳಲ್ಲಿ ಓಪನ್ ಹೌಸ್, ಅಂದರೆ ನೇರವಾಗಿ ಹೋಗಿ ಕಷ್ಟ ಹೇಳಿಕೊಳ್ಳುವ ಸಭೆ ನಡೆಯುತ್ತದೆ, ಕಷ್ಟದಲ್ಲಿರುವವರಿಗೆ ಸಮುದಾಯ ಕಲ್ಯಾಣ ನಿಧಿಯಿಂದ ನೆರವೂ ಸಿಗುತ್ತದೆ. ಯುಎಇಯಲ್ಲಿದ್ದರೆ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ಸಂಖ್ಯೆ 800 46342. 2015ರಲ್ಲಿ ಶುರುವಾದ ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದಲ್ಲಿ ಮನೆಯವರು ಇಲ್ಲಿಂದಲೇ ದೂರು ದಾಖಲಿಸಬಹುದು.

ಹೊರಡುವ ಮುಂಚೆಯೇ ದುಡ್ಡು ಕಳೆದುಕೊಂಡಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಆಮೇಲೆ ನಿಮ್ಮ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಿ. ಏಜೆಂಟ್ ಮೇಲಿನ ದೂರನ್ನು ಬೆಂಗಳೂರಿನ ವಲಸೆ ಸಂರಕ್ಷಣಾಧಿಕಾರಿ ಕಚೇರಿಗೂ ಕಳಿಸಿ. ಮರ್ಯಾದೆ ಹೋಗುತ್ತದೆ ಅಂತ ಸುಮ್ಮನೆ ಕೂತರೆ ಅದೇ ಮನುಷ್ಯ ಮುಂದಿನ ವಾರ ಹಾವೇರಿಯಲ್ಲೋ ರೋಣದಲ್ಲೋ ಇನ್ನೊಂದು ಮನೆಗೆ ಹೋಗುತ್ತಾನೆ.

ಅವತ್ತು ನಮ್ಮ ಮನೆಯಲ್ಲಿ ಕೂತೇ ಆ ಹುಡುಗ ಐದು ಪ್ರಶ್ನೆ ಬರೆದು ಕಳಿಸಿದ. ಶಾಲೆಯ ಸ್ಥಿರ ದೂರವಾಣಿ ಯಾವುದು, ಯಾವ ವೀಸಾ, ವಾರಕ್ಕೆ ಎಷ್ಟು ಪಿರಿಯಡ್, ಏಜೆಂಟ್ ಲೈಸೆನ್ಸ್ ನಂಬರ್ ಏನು, ದುಡ್ಡಿಗೆ ರಸೀದಿ ಯಾರ ಹೆಸರಿನಲ್ಲಿ. ನೀಲಿ ಟಿಕ್ ಬಂತು. ಚಹಾ ಕುಡಿದು ಮುಗಿಸುವಷ್ಟರಲ್ಲಿ ಅವನ ನಂಬರನ್ನು ಬ್ಲಾಕ್ ಮಾಡಿದ್ದರು. ತಂದೆ ಏನೂ ಮಾತಾಡಲಿಲ್ಲ. ಮೊಬೈಲನ್ನು ಅಂಗಿ ಜೇಬಿಗೆ ಇಟ್ಟುಕೊಂಡು, ಚಿಗರಿ ಬಸ್ ಎಷ್ಟು ಹೊತ್ತಿಗಿದೆ ಅಂತ ಕೇಳಿದರು.

ಹುಡುಗ ಈಗ ಮಸ್ಕತ್‌ನ ಒಂದು ಶಾಲೆಯ ಜೊತೆ ಮಾತಾಡುತ್ತಿದ್ದಾನೆ. ಡೆಮೊ ಪಾಠ ಆಗಿದೆ. ಕರಾರಿನ ಮೊದಲ ಪ್ರತಿ ಕಳೆದ ವಾರ ಬಂತು, ಅದರಲ್ಲಿ ಪಿರಿಯಡ್ ಸಂಖ್ಯೆ ಇರಲಿಲ್ಲ. ಬರೆಸಿ ಕಳಿಸಿ ಅಂತ ವಾಪಸ್ ಕೇಳಿದ್ದಾನೆ.